ಹಲ್ಲಿನವರ ಮೊದಲ ಸಾಲ

ಬಿಟ್ಟುಹೋಗಿದ್ದ ಒಂದು ಸಹಿಗಾಗಿ ಬ್ಯಾಂಕಿನಿಂದ ಬಂದಾತ ಒಂದು ಮಹಡಿ ಕಡಿಮೆ ಹತ್ತಿದ್ದೇ ಎಲ್ಲ ಅನಾಹುತಕ್ಕೂ ಮೂಲವಾಯಿತು. ಅವನು ತಟ್ಟಿದ್ದು ನಿವೃತ್ತ ಬಸ್ ಕಂಡಕ್ಟರರ ಬಾಗಿಲನ್ನು. ಕೇಳಿದ್ದು ಮಾತ್ರ ಇಡೀ ಕಟ್ಟಡಕ್ಕೆ ಕೇಳಿಸುವಂತೆ.

“ಫ್ರಿಜ್ಜಿಗೆ ಸಾಲ ತಗೊಂಡಿರೋ ಹಲ್ಲಿನವರ ಮನೆ ಇದೇನಾ?”

ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದು, ಬೊಚ್ಚುಬಾಯಿಗಳಿಗೆ ಕಟ್ಟುಹಲ್ಲು ತಯಾರಿಸುತ್ತಿದ್ದವರನ್ನು ಎಲ್ಲರೂ ಹಲ್ಲಿನವರೆಂದೇ ಕರೆಯುತ್ತಿದ್ದರು. ತಾವು ಸಾಲವನ್ನು ಮೂಸಿಯೂ ನೋಡಿದವರಲ್ಲವೆಂದು ಅವರು ಮೆಟ್ಟಿಲ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಉಪದೇಶಿಸಿದ್ದರು. ಆ ಹೆಮ್ಮೆಯೇ ಮುಳುವಾಯಿತು. ಹಿಂದಿನ ಬೀದಿಯ ಎರಡು ಕೋಣೆಯ ಮನೆಯನ್ನು ಕೊಳ್ಳಲು ಸಾಲ ಕೇಳಹೋದಾಗ, ಬ್ಯಾಂಕಿನ ಅಧಿಕಾರಿಣಿ ಎಷ್ಟು ಹುಡುಕಿದರೂ ಕಂಪ್ಯೂಟರಿನಲ್ಲಿ ಅವರು ಸಿಗಲೇ ಇಲ್ಲ.

“ಬಾಡಿಗೆ ಒಂದು ತಿಂಗಳೂ ತಪ್ಪಿಸಿಲ್ಲ ಮೇಡಂ!”

“ಕೈಯಲ್ಲಿ ಕೊಟ್ಟ ಬಾಡಿಗೆ ನಮಗೆ ಕಾಣಲ್ಲ ಸಾರ್. ಸಾಲ ತೀರಿಸೋರು ಅಂತ ಗೊತ್ತಾಗೋಕೆ ಮೊದಲು ಸಾಲ ಮಾಡ್ಬೇಕು. ಸಣ್ಣದೊಂದು ತಗೊಳ್ಳಿ, ಒಂದು ವರ್ಷ ಕಂತು ಕಟ್ಟಿ. ಆಮೇಲೆ ಮನೆ ಮಾತು.”

ಪೆಟ್ಟಿಗೆಯಲ್ಲಿ ದುಡ್ಡಿಟ್ಟುಕೊಂಡೇ ಹಲ್ಲಿನವರು ಫ್ರಿಜ್ಜನ್ನು ಕಂತಿನ ಮೇಲೆ ತಂದರು. ಮನೆ ಮಾರುವವರು ಆ ವರ್ಷ ಮುಗಿಯುವವರೆಗೆ ಕಾಯಲು ಒಪ್ಪಿದ್ದರು. ಮುಂದಕ್ಕೆ ಒಂದು ದಿನವೂ ಇಲ್ಲ. ಮನೆ ಕೊಳ್ಳುವ ಗುಟ್ಟು ಹೆಂಡತಿಗೆ ಮಾತ್ರ ಗೊತ್ತು. ಈಗಿದ್ದ ಬಾಡಿಗೆ ಮನೆಯ ಒಡತಿಗೆ ಸುಳಿವು ಸಿಕ್ಕರೆ, ಮರುದಿನವೇ ಹೊಸ ಬಾಡಿಗೆದಾರ ಬಂದು ತಮ್ಮ ಮಂಚದ ಪಕ್ಕ ನಿಂತು ಗೋಡೆ ಅಳೆಯುತ್ತಾನೆಂಬ ಹೆದರಿಕೆ ಅವರಿಗೆ.

ಬ್ಯಾಂಕಿನಾತ ಬಂದುಹೋದ ಆ ಬೆಳಿಗ್ಗೆ ಹಲ್ಲಿನವರು ಕೆಲಸಕ್ಕೆಂದು ಇಳಿದಾಗ ಕಂಡಕ್ಟರರು ದಾರಿಗಡ್ಡ ನಿಂತರು.

“ಏನ್ರೀ, ಇಷ್ಟು ಕಷ್ಟ ಇತ್ತಾ? ಬಾಯಿಬಿಟ್ಟು ಹೇಳೋದಲ್ವಾ?”

“ಕಷ್ಟ ಏನಿಲ್ಲಣ್ಣ, ದುಡ್ಡಿದೆ.”

“ದುಡ್ಡಿದ್ದೋರು ಸಾಲ ಮಾಡ್ತಾರೇನ್ರೀ? ಯಾರಿಗೆ ಹೇಳ್ತೀರಿ!”

ಇದಕ್ಕೆ ಸರಿಯಾದ ಉತ್ತರವಿತ್ತು. ಆದರೆ ಮನೆಯೊಡತಿ ಅಲ್ಲೇ ನಿಂತಿದ್ದರು.

“ಊಟಾನಾದ್ರೂ ನೆಟ್ಟಗೆ ಮಾಡ್ತಿದೀಯೇನಪ್ಪಾ?” ಎಂದು ಆಕೆ ನಕ್ಕರು. ತಾವೇ ಉಜ್ಜಿ ಹೊಳಪು ಕೊಟ್ಟಿದ್ದ ಹಲ್ಲುಗಳು ತಮ್ಮನ್ನೇ ನೋಡಿ ಅಯ್ಯೋ ಎನ್ನುತ್ತಿರುವುದನ್ನು ಕಂಡು ಹಲ್ಲಿನವರು ತಲೆ ತಗ್ಗಿಸಿದರು. ತಗ್ಗಿದ ತಲೆಯನ್ನು ಎಲ್ಲರೂ ಒಪ್ಪಿಗೆಯೆಂದೇ ಓದಿಕೊಂಡರು.

ಮಧ್ಯಾಹ್ನ ಹೆಂಡತಿಯ ಫೋನ್ ಬಂತು.

“ರೀ, ಬ್ಯಾಂಕಿಗೆ ಓಡಿ! ಎಲ್ಲರೂ ಸೇರಿ ನಿಮ್ಮ ಸಾಲ ತೀರಿಸೋಕೆ ಚಂದಾ ಎತ್ತಿದಾರೆ. ಒರೆಸೋಣ ಅಂತ ಫ್ರಿಜ್ ಖಾಲಿ ಮಾಡಿದ್ದೆ. ಎದುರುಮನೆ ಅಕ್ಕ ಬಾಗಿಲು ತೆಗೆದು ನೋಡಿ, ಅಳ್ತಾ ಓಡಿದ್ರು!”

“ನೀನು ಹೇಳ್ಬಾರ್ದಿತ್ತಾ?”

“ಹೇಳ್ದೆ. ‘ಮಾನವಂತರೆಲ್ಲ ಹಾಗೇ ಹೇಳೋದು’ ಅಂದ್ರು.”

ಕೈಗೆ ಮೆತ್ತಿದ್ದ ಅಚ್ಚಿನ ಬಿಳಿ ಹಿಟ್ಟಿನೊಂದಿಗೇ, ಯಾರದೋ ಮೇಲ್ದವಡೆಯನ್ನು ಜೇಬಿಗಿಳಿಸಿಕೊಂಡು ಹಲ್ಲಿನವರು ಓಡಿದರು. ಆದರೆ ಚಂದಾ ಎತ್ತುವುದು ಕಂಡಕ್ಟರರಿಗೆ ಟಿಕೆಟ್ ಹರಿದಷ್ಟೇ ಸಲೀಸು. ಪಂದ್ಯ ಗೆದ್ದ ತಂಡದಂತೆ ನೆರೆಹೊರೆಯವರೆಲ್ಲ ಆಗಲೇ ಬ್ಯಾಂಕಿನ ಮೆಟ್ಟಿಲಿಳಿಯುತ್ತಿದ್ದರು.

“ಪೂರ್ತಿ ತೀರಿಸಿಬಿಟ್ವಿ ಕಣ್ರೀ! ಇನ್ನು ಬ್ಯಾಂಕಿನೋರ ಕಾಟ ಇಲ್ಲ,” ಎಂದು ಕಂಡಕ್ಟರರು ಬೆನ್ನು ತಟ್ಟಿದರು. “ಓನರ್ ಅಮ್ಮಂದೇ ಜಾಸ್ತಿ. ಕನ್ನಡಕಕ್ಕೆ ಅಂತ ಇಟ್ಕೊಂಡಿದ್ದನ್ನೆಲ್ಲ ಕೊಟ್ಟುಬಿಟ್ರು.”

“ಬಿಡೋ, ಕನ್ನಡಕ ಎಲ್ಲಿಗೆ ಹೋಗತ್ತೆ?” ಎಂದರು ಮನೆಯೊಡತಿ.

ಗಂಟಲವರೆಗೆ ಬಂದಿದ್ದ ಸಿಟ್ಟು ಅಲ್ಲೇ ಕರಗಿತು. ಈಕೆಗೆ ಹೆದರಿಯೇ ಗುಟ್ಟು ಮುಚ್ಚಿಟ್ಟಿದ್ದೆನಲ್ಲ ಎಂಬ ನಾಚಿಕೆಯಿಂದ ಹಲ್ಲಿನವರು ಹಿಡಿಯಷ್ಟಾದರು. ಉಪಕಾರವಾಯಿತೆಂದು ಹೇಗೋ ತೊದಲಿ ಒಳಗೆ ಹೋದರು.

“ಒಳ್ಳೆ ಜನ ಸಾರ್,” ಎಂದರು ಅಧಿಕಾರಿಣಿ, ಮೂಗೊರೆಸಿಕೊಳ್ಳುತ್ತ. “ಆದ್ರೆ ವರ್ಷ ತುಂಬೋಕೆ ಮುಂಚೆ ಸಾಲ ಮುಗಿದೋಯ್ತು. ಇಷ್ಟು ಕಂತು ಸಾಲಲ್ಲ, ಮತ್ತೆ ಮೊದಲಿಂದ.”

“ಹಾಗಾದ್ರೆ ಇವತ್ತೇ ಇನ್ನೊಂದು ಸಾಲ ಕೊಡಿ!”

“ಹೇಗೆ ಕೊಡ್ಲಿ? ನೀವು ಊಟಕ್ಕೂ ಪರದಾಡ್ತಿದೀರಿ ಅಂತ ಅಷ್ಟೂ ಜನ ಮ್ಯಾನೇಜರ್ ಮುಂದೆ ಕಣ್ಣೀರು ಹಾಕಿ ಹೋದ್ರಲ್ಲ!”

ಹೊರಗೆ ಎಲ್ಲರೂ ಅವರಿಗಾಗಿ ಕಾದಿದ್ದರು.

“ನಿಮ್ಮ ದುಡ್ಡು ಇವತ್ತೇ ಕೊಟ್ಟುಬಿಡ್ತೀನಿ,” ಎಂದರು ಹಲ್ಲಿನವರು.

“ಬೇಡವೇ ಬೇಡ!” ಎಂದು ಕಂಡಕ್ಟರರು ಗದರಿದರು. “ಅದಕ್ಕೆ ಇನ್ನೆಲ್ಲೋ ಸಾಲ ಮಾಡ್ತೀರಿ. ತಿಂಗಳು ತಿಂಗಳು ನಮಗೇ ಕಂತು ಕಟ್ಟಿ, ಸಾಕು.”

“ಕಟ್ತಾನೆ ಬಿಡೋ,” ಎಂದರು ಮನೆಯೊಡತಿ. “ಒಂದು ಕಂತೂ ತಪ್ಪಿಸೋನಲ್ಲ. ನನಗೆ ಗೊತ್ತಿಲ್ವಾ ಇವನು?”

ಹಲ್ಲಿನವರು ತಿರುಗಿ ನೋಡಿದರು. ಬ್ಯಾಂಕಿನ ಗಾಜಿನ ಬಾಗಿಲು ಮುಚ್ಚಿತ್ತು. ಒಳಗಿದ್ದ ಯಾರಿಗೂ ಆ ಮಾತು ಕೇಳಿಸಿರಲಿಲ್ಲ.