ಬೈಯುವವರಿಲ್ಲದ ಕಡಲದಂಡೆ

ಗೋಳಗುಮ್ಮಟದ ಹಿಂದಿನ ಓಣಿಯವರು ಒಂದು ಮಾತು ಹೇಳುತ್ತಿದ್ದರು: "ನಮ್ಮ ನಳಕ್ಕ ನೀರು ಎಂಟು ದಿನಕ್ಕೊಮ್ಮಿ ಬರತೈತಿ, ಶಿವಶರಣಪ್ಪನ ಮನಿಗೆ ಸಮುದ್ರ ದಿನಾ ಬರತೈತಿ."

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಟಿಕೋಟಾದ ಶಿವಶರಣಪ್ಪ ಹರೆಯದಲ್ಲಿ ಒಬ್ಬ ಗುತ್ತಿಗೆದಾರನ ಬೆನ್ನು ಹತ್ತಿ ಅಂಡಮಾನಿನ ಕಡೆ ಹೋದವನು. ಅಂಗೈಯಗಲದ ಒಂದು ದ್ವೀಪದಲ್ಲಿ ದೋಣಿ ಹತ್ತಿಳಿಯಲು ಜೆಟ್ಟಿ ಕಟ್ಟುವ ಕೆಲಸ. ಜೆಟ್ಟಿ ಮುಗಿಯಿತು, ಪ್ರವಾಸಿಗರ ದೋಣಿ ಮಧ್ಯಾಹ್ನದ ಹೊತ್ತು ಅಲ್ಲಿ ನಿಲ್ಲತೊಡಗಿತು. ದೋಣಿ ನಿಂತಲ್ಲಿ ಅವನ ಹೆಂಡತಿ ಗುರುಬಸವ್ವ ಬಾಣಲೆ ಇಟ್ಟಳು. ಮಿರ್ಚಿಭಜಿ, ಚುರಮುರಿಯ ಸೂಸಲಾ, ಚಹಾ. ಗಂಡಹೆಂಡಿರ ಬಾಳುವೆಯ ಬಹುಪಾಲು ಆ ದಂಡೆಯ ಮೇಲೆಯೇ ಕಳೆಯಿತು. ಆಮೇಲೆ ಒಂದರ ಹಿಂದೊಂದು ಬಿರುಗಾಳಿ ಬಂದವು, ಜೆಟ್ಟಿ ಮುರಿಯಿತು, ದೋಣಿ ಬೇರೆ ದಾರಿ ಹಿಡಿಯಿತು. ಇಬ್ಬರೂ ವಿಜಯಪುರಕ್ಕೆ ಬಂದು, ಗುರುಬಸವ್ವನ ಅಪ್ಪ ಅವಳ ಹೆಸರಿಗೆ ಬಿಟ್ಟುಹೋದ ಮನೆಯಲ್ಲಿ ಉಳಿದರು.

ಅಂದಿನಿಂದ ಶಿವಶರಣಪ್ಪನಿಗೆ ಒಂದೇ ಉದ್ಯೋಗ. ಸಂಜೆಯಾದರೆ ಚಹಾದಂಗಡಿಯ ಕಟ್ಟೆಗೆ ಹೋಗಿ ಕೂತು, ಕೇಳುವವರ ಮುಂದೆ ಸಮುದ್ರ ಸುರಿಯುವುದು. ನೀರು ಹೇಗೆ ನೀಲಿ, ಉಸುಕು ಹೇಗೆ ಬಿಳಿ, ಪರದೇಶದವರು ಮಿರ್ಚಿ ಕಚ್ಚಿ ಬಾಯಿ ಸುಟ್ಟುಕೊಂಡು ಸಮುದ್ರದ ನೀರು ಕುಡಿಯಲು ಹೇಗೆ ಓಡುತ್ತಿದ್ದರು. ಎಲ್ಲ ಹೇಳಿ ಮುಗಿಸಿ ಒಂದು ನಿಟ್ಟುಸಿರು ಬಿಡುವನು: ಹೆಂಡತಿ ಒಪ್ಪಿದರೆ ನಾಳೆಯೇ ಹೊರಡುತ್ತೇನೆ, ಏನು ಮಾಡಲಿ, ಒಪ್ಪುವುದಿಲ್ಲ. ಕಟ್ಟೆಯವರು ಲೊಚಗುಟ್ಟುವರು, ಯಾರಾದರೊಬ್ಬರು ಚಹಾ ಕೊಡಿಸುವರು. ಆ ಚಹಾದ ರುಚಿ ಅವನಿಗೆ ಹಿಡಿಸಿಬಿಟ್ಟಿತ್ತು.

ಹೀಗಿರುವಾಗ ದ್ವೀಪದ ದೋಣಿಯವನ ಫೋನು ಬಂತು. ಜೆಟ್ಟಿ ರಿಪೇರಿ ಆಗಿದೆ, ದೀಪಾವಳಿ ಕಳೆದ ಮೇಲೆ ದೋಣಿ ಮತ್ತೆ ನಿಲ್ಲುತ್ತದೆ. ಶಿವಶರಣಪ್ಪ ಸುದ್ದಿಯನ್ನು ಮನೆಗೆ ತರಲಿಲ್ಲ, ಕಟ್ಟೆಗೆ ಒಯ್ದ. ಅದು ಓಣಿಯೆಲ್ಲ ಸುತ್ತಿ ನಳದ ಹತ್ತಿರ ಗುರುಬಸವ್ವನ ಕಿವಿಗೆ ಬಿತ್ತು. ಕೆಲವು ದಿನ ಅವಳು ತುಟಿ ಬಿಚ್ಚಲಿಲ್ಲ. ಇವತ್ತು ಮುಂಜಾನೆ ರೊಟ್ಟಿ ಬಡಿಯುತ್ತ ಬಿಚ್ಚಿದಳು.

ಗುರುಬಸವ್ವ: ದೋಣಿ ನಿಲ್ಲೂ ಸುದ್ದಿ ನನಗ ಚಹಾದಂಗಡಿ ಗುರಣ್ಣನ ಹೆಂಡತಿ ಹೇಳಬೇಕೇನ್ರಿ?

ಶಿವಶರಣಪ್ಪ: ನಾನ ಹೇಳಾಂವ ಇದ್ದೆ. ಆವತ್ತ ನೀ ಮಲಗಿದ್ದಿ.

ಗುರುಬಸವ್ವ: ಹೌದ್ರಿ, ಕಟ್ಟಿಯಷ್ಟ ಎಚ್ಚರಿತ್ತು.

ಶಿವಶರಣಪ್ಪ: ಹೋಗ್ಲಿ ಬಿಡು. ಈಗ ಕೇಳತೇನಿ, ಹೋಗೂಣೇನು? ಆ ತೆಂಗಿನ ಸಾಲು, ಆ ನೆರಳು...

ಗುರುಬಸವ್ವ: ಯಾವ ತೆಂಗು?

ಅವಳ ದನಿಯಲ್ಲಿದ್ದ ತಿರಸ್ಕಾರ ಕೇಳಿ ಶಿವಶರಣಪ್ಪನ ಎದೆ ತಂಪಾಯಿತು. ಇದೇ ಅವನಿಗೆ ಬೇಕಾಗಿದ್ದು. ಸಂಜೆ ಕಟ್ಟೆಯಲ್ಲಿ ಹೇಳಲು ಇನ್ನಷ್ಟು ಸಿಗಲೆಂದು ಗೋಡೆಗೆ ಒರಗಿ ಕೂತ.

ಗುರುಬಸವ್ವ: ಮೊದಲನೇ ಗಾಳಿಗೆ ಸಾಲಿಗೆ ಸಾಲ ಮಲಗೇತಿ. ಉಳಿದದ್ದೊಂದು, ಪರದೆ ಸರಿಸಿ ಹೆಣ್ಣ ನೋಡೂ ವರನಂಗ ನೀರಿನ ಕಡೆ ಬಾಗಿ ನಿಂತೈತಿ. ಅದರ ನೆರಳು ಮೀನಕ್ಕ ಬೀಳತೈತಿ, ಮಂದಿಗಲ್ಲ. ನಮ್ಮ ಅಂಗಡಿ ಬೋರ್ಡಿನ ತಗಡ ಎಲ್ಲ್ಯದ ಗೊತ್ತೇನು?

ಶಿವಶರಣಪ್ಪ: ಹಾರಿ ಹೋತು.

ಗುರುಬಸವ್ವ: ಹಾರಿದ್ದು ಎಲ್ಲ್ಯಾರ ಇಳಿಬೇಕಲ್ರಿ. ಆಚಿ ದ್ವೀಪದಾಗ ಯಾರದೋ ಕೋಳಿಗೂಡಿನ ಮ್ಯಾಲೆ ಕುಂತೈತಿ. 'ಚಹಾ ತಯಾರೈತಿ' ಅಂತ ನೀವು ಬರಸಿದ್ದು ಇನ್ನೂ ಕಾಣತೈತಂತ. ಕನ್ನಡದಾಗ ಬರಸಿದ್ರಿ. ಅಲ್ಲಿ ಓದಾಕ ಬರತಿದ್ದದ್ದು ನಿಮಗ, ನನಗ. ಈಗ ಕೋಳಿ ಓದತಾವ.

ಶಿವಶರಣಪ್ಪ ಉಸುಕಿನ ಮಾತೆತ್ತಿದ. ಗುರುಬಸವ್ವ, ಎರಡನೇ ಗಾಳಿಗೆ ಸಮುದ್ರ ಉಸುಕನ್ನು ನೆಕ್ಕಿಕೊಂಡು ಹೋಗಿದೆ, ದಂಡೆಗಿಳಿಯುವ ಮೆಟ್ಟಿಲು ಈಗ ಗಾಳಿಯಲ್ಲಿ ಜೋತಾಡುತ್ತಿದೆ, ಕೊನೆಯ ಮೆಟ್ಟಿಲಿನಿಂದ ಕಾಲಿಟ್ಟವನು ಎಲ್ಲಿಗೆ ಹೋಗುತ್ತಾನೋ ಬಸವಣ್ಣನೇ ಬಲ್ಲ ಎಂದಳು. ಈಜುವವರನ್ನು ಕಾಯುವವನಿಗೆಂದು ಹಾಕಿದ್ದ ಎತ್ತರದ ಕುರ್ಚಿಗೆ ಯಾರೋ ಆಡು ಕಟ್ಟುತ್ತಾರಂತೆ. ಕಡಲು ದೇಶದೇಶದ ಚಪ್ಪಲಿ ತಂದು ಒಗೆಯುತ್ತದಂತೆ, ಎಲ್ಲವೂ ಎಡಗಾಲಿನವು. ಪಾಯಖಾನೆಗೆ ಬೀಗ, ಬೀಗದ ಕೀಲಿ ವರ್ಗವಾಗಿ ಹೋದ ಸಾಹೇಬನ ಕಿಸೆಯಲ್ಲಿ. ಇದನ್ನೆಲ್ಲ ಅವಳಿಗೆ ಹೇಳಿದವರು ಯಾರೆಂದು ಕೇಳಲು ಶಿವಶರಣಪ್ಪನಿಗೆ ಹೊಳೆಯಲಿಲ್ಲ. ದೋಣಿಯವನು ಫೋನಿನಲ್ಲಿ ತನ್ನೊಬ್ಬನ ಜೊತೆಗೇ ಮಾತಾಡುತ್ತಾನೆಂದು ಅವನು ತಿಳಿದಿದ್ದ.

ಶಿವಶರಣಪ್ಪ: ಎಲ್ಲಾ ಆ ಹಾಳ ಬಿರುಗಾಳಿ ಮಾಡಿದ್ದು ನೋಡು.

ಗುರುಬಸವ್ವ: ಗಾಳಿಗೆ ಯಾಕ ಅಂತೀರಿ? ಗಾಳಿ ಬೀಗರಿದ್ದಂಗ. ಬರತಾರ, ಕೂಗಾಡತಾರ, ಇದ್ದದ್ದು ಉಂಡು ತಮ್ಮೂರಿಗೆ ಹೋಗತಾರ. ಆಮ್ಯಾಲ ಯಾರೂ ಕಸ ಹೊಡಿಲಿಲ್ಲ, ಒಂದ ಮೊಳಿ ಬಡಿಲಿಲ್ಲ, ಅದ ತಿಂದದ್ದು ದಂಡೀನ. ಈ ನಿಷ್ಕಾಳಜಿ ಅನ್ನೂದು ಮನಿಅಳಿಯ ಇದ್ದಂಗ್ರಿ. ಸಪ್ಪಳಿಲ್ಲದ ಕುಂತು ತಿಂತೈತಿ.

ಶಿವಶರಣಪ್ಪ ನೆಟ್ಟಗಾದ. ಮಾವನ ಮನೆಯಲ್ಲಿ, ಮಾವನ ಗೋಡೆಗೆ ಒರಗಿ ಕೂತವನಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಶಿವಶರಣಪ್ಪ: ಅಳಿಯ ಅಂತ ಯಾರಿಗೆ ಅಂದಿ?

ಗುರುಬಸವ್ವ: ದಂಡಿ ಸುದ್ದಿ ಹೇಳಾಕತ್ತೇನಿ. ನಿಮಗ್ಯಾಕ ಹತ್ತಿತು?

ಜೆಟ್ಟಿಯ ಹಲಗೆ ಸಡಿಲಾದ ದಿನವೇ ಮೊಳೆ ಹೊಡೆಯಿರೆಂದು ತಾನು ಬಡಕೊಂಡದ್ದನ್ನೂ ಹೇಳಿದಳು. ಅದು ಸರ್ಕಾರಿ ಸಾಹೇಬರ ಕೆಲಸ ಎಂದು ಗಂಡ ಅಂದಿದ್ದ. ಸಾಹೇಬರು ಬಂದರು, ಫೋಟೋ ತೆಗೆದರು, ಭಜಿ ತಿಂದರು, ಮಾಡೋಣ ಎಂದರು. ಮುಂದಿನ ಗಾಳಿಯ ನಂತರ ಬಂದಾಗಲೂ ಹಾಗೇ. ಭಜಿ ಮಾತ್ರ ಬಿಸಿ ಇತ್ತು.

ಶಿವಶರಣಪ್ಪನಿಗೆ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಯಿತು. ಇಷ್ಟು ಹಳಿದವಳು ಅಲ್ಲಿಗೆ ಹೋಗುವುದುಂಟೇ? ತಾನು ಬಲವಂತ ಮಾಡಿದ್ದೂ ಲೆಕ್ಕಕ್ಕೆ ಬರಲೆಂದು, ಮೆಲ್ಲಗೆ ಇನ್ನೊಂದು ಕೈ ನೋಡಿದ.

ಶಿವಶರಣಪ್ಪ: ಹಾಳಾಗಿದ್ರ ಹಾಳಾಗ್ಲಿ. ನನ್ನ ಜೀವ ಅಲ್ಲೇ ಐತಿ. ನೀ ಒಂದ ಹೂಂ ಅನ್ನು, ಹೊಂಟ ಬಿಡತೇನಿ.

ಗುರುಬಸವ್ವ ಕೊನೆಯ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಕೈ ತೊಳೆದಳು. ಅಷ್ಟರಲ್ಲಿ ಬಾಗಿಲಲ್ಲಿ ರುಕ್ಸಾರ ಬಂದು ನಿಂತಳು. ಓಣಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವಳು, ಕೊರಳಲ್ಲಿ ಅಳತೆಯ ಟೇಪು.

ರುಕ್ಸಾರ: ಕಾಕೂ, ಮಷೀನ ಕಿಟಕಿ ಕಡೆ ಇಡ್ಲೇನ್ರಿ? ಮತ್ತ ಸೋಲಾಪುರದ ಬಸ್ಸಿನ್ಯಾಗ ಮುಂದಿನ ಸೀಟ ಸಿಕ್ಕೈತ್ರಿ. ಅಲ್ಲಿಂದ ಚೆನ್ನೈ ಗಾಡಿದೂ ಪಕ್ಕಾ ಆತು.

ಶಿವಶರಣಪ್ಪ: ಯಾರಿಗೆ ಸೀಟು?

ರುಕ್ಸಾರ: ಕಾಕೂಗ್ರಿ. ಚೆನ್ನೈದಿಂದ ಹಡಗ ಅಲ್ಲೇನ್ರಿ?

ಶಿವಶರಣಪ್ಪ ಹೆಂಡತಿಯ ಮುಖ ನೋಡಿದ. ಅವಳು ಬಾಣಲೆಯನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದಳು.

ಶಿವಶರಣಪ್ಪ: ಮುಂಜಾನಿಂದ ಎಲ್ಲಾ ಹಾಳಾಗೈತಿ ಅಂತ ನೀನ ಹೇಳಾಕತ್ತಿ.

ಗುರುಬಸವ್ವ: ಹಾಳಾಗೈತಿ ಅಂದೆ. ಹೋಗೂದಿಲ್ಲ ಅಂತ ಯಾವಾಗ ಅಂದೆ?

ಶಿವಶರಣಪ್ಪ ನೆನಪನ್ನೆಲ್ಲ ತಡಕಾಡಿದ. ಅವಳು ಒಲ್ಲೆ ಎಂದದ್ದು ಒಂದು ಸಲವೂ ಸಿಗಲಿಲ್ಲ. ಇವತ್ತಿನವರೆಗೆ ಇವನು ಕೇಳಿಯೂ ಇರಲಿಲ್ಲ. ಕೇಳಿದ್ದು, ಒಲ್ಲೆ ಎನ್ನಿಸಿದ್ದು ಎಲ್ಲ ಕಟ್ಟೆಯ ಮೇಲೆಯೇ ಆಗಿತ್ತು.

ಶಿವಶರಣಪ್ಪ: ಹೋಗಾಕಿ ಇದ್ರ ಇಷ್ಟ್ಯಾಕ ಬೈದಿ ಅದನ್ನ?

ಗುರುಬಸವ್ವ: ಬೈಯವ್ರಿಲ್ಲದನ ಅದು ಹಾಳಾಗೈತ್ರಿ. ನಾ ಇದ್ದಾಗ ಬಾಟ್ಲಿ ಒಗದವನ ಕೈಲೇ ಎತ್ತಸತಿದ್ದೆ. ದೋಣಿಯವ ಲಂಗರ ಸರಿಯಾಗಿ ಒಗಿಲಿಲ್ಲಂದ್ರ ಅವಂಗ ಚಹಾ ಇಲ್ಲ. ಆ ಸಾಹೇಬ ಸೈತ ನನ್ನ ಮುಂದ ಉಗುಳತಿದ್ದಿಲ್ಲ. ಈಗ ಹೇಳವ್ರಿಲ್ಲ, ಕೇಳವ್ರಿಲ್ಲ. ಇಲ್ಲಿ ಕುಂತು ಬೈದ್ರ ಅಲ್ಲಿಗೆ ಕೇಳಸತೈತೇನು?

ಇದ್ದಕ್ಕಿದ್ದಂತೆ ಶಿವಶರಣಪ್ಪನ ಮೊಣಕಾಲಿಗೆ ನೋವು ಬಂತು. ಹಡಗಿನಲ್ಲಿ ತಲೆ ತಿರುಗುತ್ತದೆ ಎಂದ. ಅಲ್ಲಿಯ ಬಾವಿ ಉಪ್ಪಾಗಿದೆ, ಈ ವಯಸ್ಸಿಗೆ ಉಪ್ಪು ಆಗದು ಎಂದ. ಮನೆ ನೋಡುವವರಾರು ಎಂದ. ಮನೆ ನಾನು ನೋಡಿಕೊಳ್ಳುತ್ತೇನೆಂದು ರುಕ್ಸಾರ ಹೇಳಿದಳು.

ಶಿವಶರಣಪ್ಪ: ಮತ್ತ ನಾ ಎಲ್ಲಿರಲಿ?

ಬಾಯಿ ತಪ್ಪಿ ಬಂದುಬಿಟ್ಟಿತ್ತು. ರುಕ್ಸಾರ ಕೊರಳಿನ ಟೇಪು ತೆಗೆದು ಸುತ್ತತೊಡಗಿದಳು.

ಗುರುಬಸವ್ವ: ಎಲ್ಲಿರಲಿ ಅಂದ್ರ? ನಿಮ್ಮ ಜೀವ ಅಲ್ಲೇ ಐತಿ ಅಂದ್ರಲ್ಲ ಈಗ.

ಶಿವಶರಣಪ್ಪ: ನನಗ ನೀಗೂದಿಲ್ಲ. ಇಲ್ಲಿ ಕುಂತ್ರ ಅದು ಚಂದ ಕಾಣತೈತಿ. ಹೋಗಿ ನೋಡಿದ್ರ ನೀ ಹೇಳಿದ್ದೆಲ್ಲ ಕಾಣತೈತಿ.

ಗುರುಬಸವ್ವ: ಗೊತ್ತೈತಿ. ಅದಕ್ಕ ರುಕ್ಸಾರಗ ಮುಂದಿನ ಖೋಲಿ ಅಷ್ಟ ಕೊಟ್ಟೇನಿ. ಹಿಂದಿಂದು ನಿಮಗಿರಲಿ. ರೊಟ್ಟಿ ಖಾನಾವಳಿಯಿಂದ ಬರತಾವ. ತಿಕೀಟ ಒಂದ ತೆಗಿಸೇನಿ.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಹವಾಮಾನದ ವರದಿ ಓದಿದಂತೆ ಹೇಳಿದ್ದಳು. ಹೆಂಡತಿ ತನ್ನನ್ನು ಕರೆಯಲೇ ಇಲ್ಲವೆಂಬುದು ಅವನಿಗೆ ಸ್ವಲ್ಪ ತಡವಾಗಿ ತಿಳಿಯಿತು.

ಮಧ್ಯಾಹ್ನ ಆಟೋ ಬಂತು. ಟ್ರಂಕು, ಬಾಣಲೆಯ ಗಂಟು, ಒಂದು ಚೀಲ ಜೋಳದ ಹಿಟ್ಟು. ಗುರುಬಸವ್ವ ಓಣಿಯವರಿಗೆ ಮರಳಿ ಬರುತ್ತೇನೆಂದು ಹೇಳಲಿಲ್ಲ. ಬರುವ ಮನಸ್ಸಿದ್ದವರು ಹಾಗೆ ಅಪ್ಪನ ಫೋಟೋ ಮೊಳೆಯಿಂದ ಇಳಿಸಿ ಸೆರಗಿನಲ್ಲಿ ಒರೆಸಿ ಟ್ರಂಕಿಗೆ ಇಡುವುದಿಲ್ಲ. ಶಿವಶರಣಪ್ಪ ಬಾಗಿಲವರೆಗೆ ಬಂದ, ಹೊಸ್ತಿಲಿನ ಒಳಗೇ ನಿಂತ.

ಶಿವಶರಣಪ್ಪ: ಏ, ಕಟ್ಟಿಯವ್ರು ಕೇಳಿದ್ರ ಏನ ಹೇಳ್ಲಿ?

ಗುರುಬಸವ್ವ: ಹೆಂಡತಿ ಒಪ್ಪೂದಿಲ್ಲ ಅಂತನ ಹೇಳ್ರಿ. ಇವತ್ತಿಂದ ಅದು ಖರೆ ಆತು.

ಅಷ್ಟಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲು ದಾಟಿದಳು. ಬಾಣಲೆಯ ಗಂಟನ್ನು ಯಾವ ಕಡೆ ಇಡಬೇಕೆಂದು ಅವಳು ಆಟೋದವನಿಗೆ ಬೈಯುವುದು ಓಣಿಯ ತಿರುವಿನವರೆಗೂ ಕೇಳುತ್ತಿತ್ತು.