ಮಷೀನಿನ ಹಣೆಗೆ ಬೊಟ್ಟು

ಕಣ್ಣು ಕಾಣದವನಿಗೆ ದಾರಿ ತೋರಿಸುವ ಹುಮ್ಮಸ್ಸು ನಮ್ಮ ಶಿವಮೊಗ್ಗದವರಿಗೆ ಎಷ್ಟಿದೆಯೆಂದರೆ, ವಾರಕ್ಕೊಂದು ತಮಾಷೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮನೆಬಳಕೆಯ ಯಂತ್ರಗಳಿಗೆ ಕೈಪಿಡಿ ಬರೆದುಕೊಡುವ ಆಫೀಸಿನಲ್ಲಿ ಕೆಲಸ. ನನ್ನಂಥವರಿಗೂ ಅದು ಅರ್ಥವಾಗುತ್ತದೆಯೇ ಎಂದು ಪರೀಕ್ಷಿಸಿ ಹೇಳಬೇಕು.

ಕೆಂಪು ದೀಪ

ಹೊಸ ವಾಷಿಂಗ್ ಮಷೀನಿನ ಕೈಪಿಡಿಯನ್ನು ಫೋನು ನನಗೆ ಓದಿ ಹೇಳಿತು: "ಕೆಂಪು ದೀಪ ಹತ್ತಿದಾಗ ನೀಲಿ ಗುಂಡಿ ಒತ್ತಿ."

ಬರೆದ ಸಹೋದ್ಯೋಗಿಯನ್ನು ಕರೆದೆ. "ಮಾರಾಯ, ನನಗೆ ಕೆಂಪೂ ಒಂದೇ, ನೀಲೀನೂ ಒಂದೇ. ಇದನ್ನ ಸರಿಮಾಡು."

ಮಧ್ಯಾಹ್ನ ಖುಷಿಯಿಂದ ಬಂದ. "ಸರಿಮಾಡಿದೀನಿ ಸರ್. ಈಗ ಎಲ್ಲಾ ದಪ್ಪಕ್ಷರ!"

ಪಕ್ಕದಲ್ಲಿರುವವರು

ಅದೇ ಮಷೀನನ್ನು ಹೊಸಮನೆ ಬಡಾವಣೆಯ ನಮ್ಮ ಮನೆಗೂ ತಂದೆವು. ಹೆಂಡತಿ ಬೆಳಿಗ್ಗೆಯೇ ಭದ್ರಾವತಿಯ ಶಾಲೆಗೆ ಬಸ್ ಹತ್ತುತ್ತಾಳೆ. ನನ್ನ ಬಟ್ಟೆ ನಾನೇ ಒಗೆದುಕೊಳ್ಳಬೇಕು ಎಂಬುದು ನನ್ನ ಹಟ. ಆದರೆ ಗುಂಡಿಗಳೆಲ್ಲ ಗಾಜಿನ ಹಾಗೆ ನುಣುಪು, ಒಂದೂ ಬೆರಳಿಗೆ ಸಿಗಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದೆ.

"ಸ್ಕ್ರೀನ್ ಮೇಲೆ ಏನು ಬರ್ತಿದೆ ಸರ್?"

"ನನಗೆ ಕಣ್ಣು ಕಾಣಲ್ಲಮ್ಮ."

"ಪಕ್ಕದಲ್ಲಿರೋರಿಗೆ ಫೋನ್ ಕೊಡಿ."

"ಯಾರೂ ಇಲ್ಲ."

"ಪರವಾಗಿಲ್ಲ ಸರ್, ವಿಡಿಯೋ ಕಳಿಸ್ತೀನಿ. ನೋಡ್ಕೊಂಡು ಮಾಡಿ."

ವಿಡಿಯೋ ಬಂತು. ಅದರಲ್ಲಿ ಒಂದು ಮಾತೂ ಇರಲಿಲ್ಲ. ಕೊಳಲು ಮಾತ್ರ ಚೆನ್ನಾಗಿ ನುಡಿಸಿದ್ದರು.

ಅತ್ತೆಯ ಅಲಂಕಾರ

ಕೊನೆಗೆ ಹೆಂಡತಿ ತನ್ನದೊಂದು ಸ್ಟಿಕರ್ ಬೊಟ್ಟನ್ನು ಮಷೀನು ಶುರುಮಾಡುವ ಗುಂಡಿಗೆ ಅಂಟಿಸಿದಳು. ಬೆರಳಿಗೆ ತಟ್ಟನೆ ಸಿಕ್ಕಿತು. ನನ್ನ ಅಂಗಿ ನಾನೇ ಒಗೆದ ದಿನ ಎಷ್ಟು ಹಿಗ್ಗಿದೆನೆಂದರೆ, ಒಣಗಿದ ಮೇಲೂ ಅದನ್ನು ತಂತಿಯಿಂದ ತೆಗೆಯಲು ಮನಸ್ಸಾಗಲಿಲ್ಲ.

ಆಯುಧಪೂಜೆಗೆ ಭದ್ರಾವತಿಯಿಂದ ಸೋದರತ್ತೆ ಬಂದರು. ಮರುದಿನ ಬಟ್ಟೆ ಹಾಕಿ ಮುಟ್ಟಿ ನೋಡುತ್ತೇನೆ, ಗುಂಡಿಗುಂಡಿಗೂ ಬೊಟ್ಟು!

"ಏನತ್ತೆ ಇದು?"

"ಒಂದಕ್ಕೆ ಬೊಟ್ಟಿಟ್ಟು ಉಳಿದಿದ್ದನ್ನೆಲ್ಲ ಬರೀ ಹಣೇಲಿ ಬಿಟ್ಟಿದ್ದೀರಲ್ಲೋ! ಹಬ್ಬದ ದಿನ ನೋಡಕ್ಕಾಗ್ಲಿಲ್ಲ, ನಾನೇ ಇಟ್ಟೆ."

"ಈಗ ಶುರುಮಾಡೋ ಗುಂಡಿ ಯಾವುದು ಅಂತ ನಾನು ಹೆಂಗೆ ಹುಡುಕ್ಲಿ?"

ವಿಷಯ ತಿಳಿದು ಅತ್ತೆ ಪೇಚಾಡಿಕೊಂಡರು. ಆಮೇಲೆ ಪೂಜೆಯ ತಟ್ಟೆಯಿಂದ ಒಂದು ಅಕ್ಷತೆ ಕಾಳು ತೆಗೆದು, ಗೋಂದು ಹಚ್ಚಿ ಆ ಗುಂಡಿಗೆ ಅಂಟಿಸಿದರು. "ತಗೋ, ಆಶೀರ್ವಾದಾನೂ ಆಯ್ತು." ಅದು ಬೊಟ್ಟಿಗಿಂತ ಚೆನ್ನಾಗಿ ಬೆರಳಿಗೆ ಸಿಕ್ಕಿತು.

ಆಫೀಸಿನಲ್ಲಿ ಇದನ್ನು ಹೇಳಿದಾಗ ದಪ್ಪಕ್ಷರದ ಸಹೋದ್ಯೋಗಿ ಕುಣಿದಾಡಿದ. "ಸರ್, ಎಲ್ಲಾ ಮಷೀನಿಗೂ ಹಿಂಗೇ ಒಂದು ಉಬ್ಬು ಚುಕ್ಕೆ ಹಾಕ್ಸೋಣ!" ಮಷೀನು ಮಾಡುವ ಕಂಪನಿಯೂ ಒಪ್ಪಿತು. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಅವನೇ ತಿದ್ದಿದ ಹೊಸ ಕೈಪಿಡಿಯನ್ನು ಫೋನು ಓದಿತು:

"ಕಣ್ಣು ಕಾಣದವರು ಹಳದಿ ಚುಕ್ಕೆಯಿರುವ ಗುಂಡಿಯನ್ನು ಒತ್ತಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ: "ದಪ್ಪಕ್ಷರದಲ್ಲೇ ಹಾಕಿದೀನಿ ಸರ್!"