ಕೊಬ್ಬರಿ ಹೊತ್ತ ವಿಮಾನ

ಮೂವತ್ತೆರಡು ವರ್ಷ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾಗಿ, ಹಾಲ್ಕುರಿಕೆ ಕಡೆಯ ನಮ್ಮ ತೋಟದ ಮನೆಗೆ ಬಂದು ಕೂತ ಮೇಲೆ ನನಗೊಂದು ಸತ್ಯ ಗೊತ್ತಾಯಿತು. ಈ ತೋಟದಲ್ಲಿ ನನ್ನಿಂದ ಆಗಬೇಕಾದ ಕೆಲಸ ಒಂದೂ ಇರಲಿಲ್ಲ! ಅಷ್ಟು ವರ್ಷವೂ ತೋಟ ನೋಡಿಕೊಂಡವಳು ನನ್ನ ಹೆಂಡತಿ ಗಿರಿಜ. ನೀರು ಹಾಯಿಸುವುದರಿಂದ ಹಿಡಿದು ಕಾಯಿ ಕೆಡವಿಸುವವರೆಗೆ ಎಲ್ಲ ಅವಳದೇ ಆಡಳಿತ. ನಾನು ಗುದ್ದಲಿ ಹಿಡಿದರೆ "ಅಲ್ಲಿಡಿ, ಕಾಲ್ ಮೇಲೆ ಹಾಕ್ಕೊಂಡೀರಿ" ಎನ್ನುತ್ತಿದ್ದಳು. ಹಾಲು ಕರೆಯಲು ಹೋದರೆ ಹಸುವೇ ಒದೆಯುತ್ತಿತ್ತು.

ಹೀಗಿರುವಾಗ ನನ್ನ ಅದೃಷ್ಟಕ್ಕೆ ಕೋತಿಗಳು ಬಂದವು. ಚಿಕ್ಕನಾಯಕನಹಳ್ಳಿ ಗುಡ್ಡಗಳ ಕಡೆಯಿಂದ ಒಂದು ದೊಡ್ಡ ಹಿಂಡೇ ಇಳಿದು, ಎಳನೀರು ಕಿತ್ತು ಕುಡಿದು, ಬುರುಡೆಗಳನ್ನು ನಮ್ಮ ಮನೆಯ ಹೆಂಚಿನ ಮೇಲೆ ಎಸೆಯತೊಡಗಿತು.

"ಬರೋ ಸೋಮವಾರ ಕಾಯಿ ಸುಲಿಯೋರು ಬತ್ತಾರೆ" ಎಂದು ಗಿರಿಜ ತಲೆ ಮೇಲೆ ಕೈ ಹೊತ್ತು ಕೂತಳು. "ವರ್ಷದಿಂದ ಅಟ್ಟದಲ್ಲಿಟ್ಟು ಒಣಗ್ಸಿದ ಕಾಯಿ. ಒಳಗಿನ ಗಿಟುಕು ಕೊಬ್ಬರಿ ತೆಗೆದು ಅಂಗಳದಲ್ಲಿ ಹರವಬೇಕು. ಈ ಮುಂಡೇವು ಇಳಿದ್ರೆ ವರ್ಷದ ಕೊಬ್ಬರಿ ಎಲ್ಲ ಹಾಳಾಗೋಯ್ತದೆ ಕಣ್ರೀ."

"ಕೋತಿಗಳ ವಿಷಯ ನನಗೆ ಬಿಡು" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೇರೆ ದಾರಿ ಇರಲಿಲ್ಲವೋ ಏನೋ, "ಸರಿ, ಇದೊಂದು ನಿಮ್ ಜವಾಬ್ದಾರಿ" ಎಂದುಬಿಟ್ಟಳು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಜವಾಬ್ದಾರಿ! ಇದನ್ನು ಕೆಡಿಸಿಕೊಂಡರೆ ಎರಡನೆಯದು ಸಿಗುವುದಿಲ್ಲ ಎಂಬುದೂ ನನಗೆ ಚೆನ್ನಾಗಿ ಗೊತ್ತಿತ್ತು.

ಬೇರೆಯವರಾದರೆ ಪಟಾಕಿ ಹೊಡೆಯುತ್ತಿದ್ದರು, ನಾಯಿ ಸಾಕುತ್ತಿದ್ದರು. ನಾನು ಫೋನಿನಲ್ಲಿ ವಿಡಿಯೋ ನೋಡಿದೆ. ಅದರಲ್ಲಿ ಒಬ್ಬ ರಿಮೋಟು ಹಿಡಿದು ಪುಟ್ಟ ವಿಮಾನವೊಂದನ್ನು ಹಾರಿಸುತ್ತಿದ್ದ. ಅದು ಗಿಡುಗದ ಹಾಗೆ ಸುತ್ತು ಹೊಡೆಯುತ್ತಿದ್ದರೆ ಹೊಲದ ಹಕ್ಕಿಗಳೆಲ್ಲ ದಿಕ್ಕಾಪಾಲು. ಹಕ್ಕಿ ಹೆದರುವುದಾದರೆ ಕೋತಿ ಯಾವ ಲೆಕ್ಕ? ಅವತ್ತೇ ಫೋನಿನಲ್ಲೇ ಒಂದಕ್ಕೆ ಆರ್ಡರ್ ಹಾಕಿದೆ.

ಗುರುವಾರ ಪಾರ್ಸೆಲ್ ಬಂತು. ಥರ್ಮೋಕೋಲಿನಂಥ ಹಗುರ ಮೈ, ಗಜದುದ್ದದ ರೆಕ್ಕೆ, ಬೆನ್ನ ಮೇಲೆ ಹಿಮ್ಮುಖವಾಗಿ ಕೂರಿಸಿದ ಫ್ಯಾನು.

"ಇದೇನ್ರೀ ಆಟದ ಸಾಮಾನು?" ಎಂದಳು ಗಿರಿಜ.

"ಆಟದ ಸಾಮಾನಲ್ಲ ಕಣೇ. ಕೃಷಿ ಉಪಕರಣ."

ಜೊತೆಗಿದ್ದ ಪುಸ್ತಕದಲ್ಲಿ ಸುರಕ್ಷತೆಯ ನಿಯಮಗಳಿದ್ದವು. ನಿಯಮ ಕಂಡರೆ ನನಗೆ ಕೈ ಕಡಿಯುತ್ತದೆ. ಅವನ್ನೆಲ್ಲ ಶುದ್ಧ ಕಚೇರಿ ಕನ್ನಡಕ್ಕೆ ಇಳಿಸಿ, ಕೆಳಗೆ ಸಹಿ ಮಾಡಿ, ಕೊಟ್ಟಿಗೆಯ ಗೋಡೆಗೆ ಅಂಟಿಸಿದೆ. 'ಮೊದಲು ರಿಮೋಟನ್ನೂ ತದನಂತರ ವಿಮಾನದ ಬ್ಯಾಟರಿಯನ್ನೂ ಚಾಲೂ ಮಾಡತಕ್ಕದ್ದು. ಗಾಳಿಗೆ ಎದುರಾಗಿಯೇ ಹಾರಿಸತಕ್ಕದ್ದು. ತಿರುಗುವ ಫ್ಯಾನಿಗೆ ಬೆರಳು ಕೊಡತಕ್ಕದ್ದಲ್ಲ. ಮನುಷ್ಯರ ತಲೆಯ ಮೇಲೆ ಯಾವುದೇ ಕಾರಣಕ್ಕೂ ಹಾರಿಸಕೂಡದು.' ಹಸು ಒಮ್ಮೆ ಅದನ್ನು ಮೂಸಿ ನೋಡಿ ಒಂದು ಮೂಲೆ ತಿಂದಿತು.

ಶುಕ್ರವಾರ ಜೋಡಣೆ ಮುಗಿಸಿ ತೂಕದ ಪರೀಕ್ಷೆಗೆ ಇಳಿದೆ. ರೆಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನದ ಮೂತಿ ಸ್ವಲ್ಪ ಕೆಳಗೆ ಬಾಗಬೇಕಂತೆ. ನಮ್ಮದು ಬಾಲದ ಮೇಲೆ ಕೂರುತ್ತಿತ್ತು. ಮೂತಿಯೊಳಗೆ ಭಾರ ಇಡಿ ಎಂದಿತ್ತು ಪುಸ್ತಕ. ಅಲ್ಲೊಂದು ಪುಟ್ಟ ಗೂಡು, ಅದಕ್ಕೊಂದು ಮುಚ್ಚಳ. ಏನಿಡುವುದು? ಅಡುಗೆಮನೆಯ ಡಬ್ಬಿಯಲ್ಲಿ ಅರ್ಧ ಗಿಟುಕು ಕೊಬ್ಬರಿ ಸಿಕ್ಕಿತು. ಕೆತ್ತಿ ಕೂರಿಸಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು! ಮೂತಿ ವಿನಯದಿಂದ ಬಾಗಿತು.

"ಯಾಕ್ರೀ, ಒಂದು ಕಬ್ಬಿಣದ ನಟ್ಟು ಸಿಗಲಿಲ್ವಾ?"

"ಕಬ್ಬಿಣ ಯಾರದಾದರೂ ತಲೆ ಮೇಲೆ ಬಿದ್ದರೆ? ಸುರಕ್ಷತೆ ಕಣೇ, ಸುರಕ್ಷತೆ!"

ಕೋತಿ ಓಡಿಸುವ ವಿಮಾನಕ್ಕೆ ಕೊಬ್ಬರಿ ತುಂಬಿದ ಬುದ್ಧಿವಂತ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಆ ಹೊತ್ತಿಗೆ ಅದು ಹೊಳೆಯಲಿಲ್ಲ.

ಶನಿವಾರ ಚುಕ್ಕಾಣಿಯ ತಪಾಸಣೆ. ವಿಮಾನವನ್ನು ಜಗುಲಿ ಮೇಲಿಟ್ಟು ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಬಾಲದ ಚುಕ್ಕಾಣಿ ನನ್ನ ಎಡಕ್ಕೆ ತಿರುಗಿತು. ಎಡಕ್ಕೆ ತಳ್ಳಿದರೆ ಬಲಕ್ಕೆ! "ಕಂಪನಿಯವರು ತಪ್ಪು ಮಾಡಿದ್ದಾರೆ" ಎಂದು ಷರಾ ಬರೆದು, ರಿಮೋಟಿನ ಅಡಿಯಲ್ಲಿದ್ದ ಪುಟ್ಟ ಗುಂಡಿಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ ಎಲ್ಲವನ್ನೂ ಸರಿಪಡಿಸಿದೆ. ವಿಮಾನವನ್ನು ಹಿಂದೆ ನಿಂತು ನೋಡಬೇಕೇ ಹೊರತು ಎದುರು ಕೂತಲ್ಲ ಎಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿತ್ತು. ಆದರೆ ಮೂವತ್ತೆರಡು ವರ್ಷ ಬಂದವರನ್ನೆಲ್ಲ ಮೇಜಿನ ಈಚೆ ಕೂತು ಎದುರಿನಿಂದಲೇ ನೋಡಿದವನಿಗೆ ಅದು ಕಣ್ಣಿಗೆ ಬೀಳಬೇಕಲ್ಲ!

ಭಾನುವಾರ ಬೆಳಿಗ್ಗೆ ರಾಗಿ ಕೊಯ್ದು ಬಯಲಾಗಿದ್ದ ಹೊಲದಲ್ಲಿ ಉದ್ಘಾಟನೆ. ವಿಮಾನ ಎಸೆಯಲು ಪಕ್ಕದ ತೋಟದ ಕೆಂಪಣ್ಣನನ್ನು ಕರೆದಿದ್ದೆ. ನಮ್ಮ ಸುತ್ತಿನ ತೋಟಗಳಿಗೆಲ್ಲ ಮರ ಹತ್ತಿ ಕಾಯಿ ಕೆಡವುವವನು ಅವನೇ.

"ನಂಜಣ್ಣೋರೇ, ಇದು ನಿಜವಾಗ್ಲೂ ಮೇಲಕ್ಕೋಯ್ತದಾ?" ಎಂದ.

"ಗಾಳಿಗೆ ಎದುರಾಗಿ ಎಸೆಯತಕ್ಕದ್ದು" ಎಂದೆ.

ಎಸೆದ. ವಿಮಾನ ಸುಯ್ಯನೆ ಏರಿತು! ನಿಜವಾಗಿ ಹೇಳುತ್ತೇನೆ, ಅಂಥ ಸಂತೋಷ ನನಗೆ ಬಡ್ತಿ ಸಿಕ್ಕ ದಿನವೂ ಆಗಿರಲಿಲ್ಲ. ಬಿಳಿ ರೆಕ್ಕೆಯ ಮೇಲೆ ಬಿಸಿಲು ಬಿದ್ದು ಫಳಫಳ ಎನ್ನುತ್ತಿತ್ತು. ಕೆಂಪಣ್ಣ ಬಾಯಿ ಬಿಟ್ಟುಕೊಂಡು ನಿಂತಿದ್ದ. ಗಿರಿಜಳಂತೂ ಸೆರಗನ್ನು ಕಣ್ಣಿಗೆ ಮರೆ ಹಿಡಿದು "ಅಯ್ಯೋ, ಹಾರ್ತು ಕಣ್ರೀ!" ಎಂದು ಎಳೆ ಹುಡುಗಿಯ ಹಾಗೆ ಕುಣಿದಳು.

ಆಗ ತಿರುಗಿಸುವ ಸಮಯ ಬಂತು. ಎಡಕ್ಕೆ ತೆಂಗಿನ ತೋಟ, ಬಲಕ್ಕೆ ಬಯಲು. ಕಡ್ಡಿಯನ್ನು ಬಲಕ್ಕೆ ತಳ್ಳಿದೆ. ವಿಮಾನ ಎಡಕ್ಕೆ ತಿರುಗಿತು. ಇನ್ನೂ ಬಲಕ್ಕೆ ತಳ್ಳಿದೆ. ಇನ್ನೂ ಎಡಕ್ಕೆ ಹೋಯಿತು. ನಾನು ಕಡ್ಡಿ ಮುರಿಯುವಷ್ಟು ಬಲಕ್ಕೆ ತಳ್ಳಿದೆ. ವಿಮಾನ ನೇರವಾಗಿ ಹೋಗಿ ತೋಟದ ಅತಿ ಎತ್ತರದ ಮರದ ಗರಿಗಳ ನಡುವೆ ಕೂತಿತು.

"ಹತ್ತಿ ತಂದುಕೊಡು ಕೆಂಪಣ್ಣ."

ಕೆಂಪಣ್ಣ ಮರದ ಬುಡಕ್ಕೆ ಹೋಗಿ, ಮೇಲೆ ನೋಡಿ, ಹಾಗೇ ವಾಪಸ್ಸು ಬಂದ. "ಆಗಕಿಲ್ಲ ಬುಡಿ. ಮೇಲೆ ಗಡವ ಕೂತೈತೆ."

ಹೌದು, ಹಿಂಡು ಬಂದಿತ್ತು! ಹಿಂಡಿನ ಯಜಮಾನ ಗಡವ ಕೋತಿ ವಿಮಾನದ ಪಕ್ಕ ಗರಿಯ ಮೇಲೆ ಕೂತು, ಮೂತಿಯನ್ನು ಮೂಸಿ, ಅನುಭವಸ್ಥನ ಹಾಗೆ ಮುಚ್ಚಳ ತೆಗೆಯಿತು. ಕೊಬ್ಬರಿಯನ್ನು ಹೊರಗೆಳೆದು ಕಚ್ಚಿತು. ಅದುವರೆಗೆ ಎಳನೀರೊಂದನ್ನೇ ಕಂಡಿದ್ದ ಪ್ರಾಣಿ. ಅದರ ಮುಖ ಅರಳಿದ್ದು ಕೆಳಗಿದ್ದ ನಮಗೂ ಕಾಣಿಸಿತು. ಉಳಿದವು ತಮಗೂ ಬೇಕೆಂದು ಸುತ್ತ ನೆರೆದವು.

"ಕೊಬ್ಬರಿ ರುಚಿ ನೀವೇ ಹತ್ತಿಸಿದ್ರಾ? ನಾಳೆ ಅಂಗಳದ ತುಂಬ ಅದೇ ಹರವ್ತೀನಲ್ರೀ!" ಎಂದಳು ಗಿರಿಜ. ಅವಳ ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು.

ಏನಾದರೂ ಮಾಡಲೇಬೇಕಿತ್ತು. ಫ್ಯಾನು ಜೋರಾಗಿ ತಿರುಗಿಸಿ ಹೆದರಿಸೋಣವೆಂದು ರಿಮೋಟಿನ ವೇಗದ ಕಡ್ಡಿಯನ್ನು ಪೂರ್ತಿ ಮೇಲಕ್ಕೆ ದೂಡಿದೆ. ಬರ್‍ರ್ ಎಂದಿತು. ಗಡವ ಒಂದು ಗರಿಯಷ್ಟು ಹಿಂದೆ ಸರಿಯಿತು, ಅಷ್ಟೇ. ಆದರೆ ವಿಮಾನ ಗರಿಯಿಂದ ಬಿಡಿಸಿಕೊಂಡು ಹಾರಿಬಿಟ್ಟಿತು! ಮೂತಿಯಲ್ಲಿ ಭಾರವಿಲ್ಲದ್ದರಿಂದ ಒಮ್ಮೆ ಆಕಾಶಕ್ಕೆ ನೆಗೆದು, ಒಮ್ಮೆ ಕೆಳಗೆ ಬಿದ್ದು, ಕುಡಿದವನಂತೆ ತೂರಾಡುತ್ತ ನನ್ನ ಕಡೆಗೇ ಬಂತು.

ಕಡ್ಡಿ ಉಲ್ಟಾ ಎಂದು ಆಗಲೇ ಗೊತ್ತಾಗಿತ್ತಲ್ಲ, ಅದನ್ನು ಎಡಕ್ಕೆ ಕಳಿಸಲು ಕಡ್ಡಿಯನ್ನು ಬಲಕ್ಕೆ ತಳ್ಳಿ ನಾನು ಬಲಕ್ಕೆ ಓಡಿದೆ. ಅದೂ ಬಲಕ್ಕೇ ಬಂತು. ಅದನ್ನು ಬಲಕ್ಕೆ ಕಳಿಸಿ ಎಡಕ್ಕೆ ಓಡಿದೆ. ಅದೂ ಎಡಕ್ಕೇ! ಎದುರಿಗೆ ಬರುವಾಗ ಎಡಬಲ ಮತ್ತೆ ಅದಲುಬದಲಾಗುತ್ತದೆಂದು ನನಗೇನು ಗೊತ್ತು? ನನ್ನನ್ನು ಹಿಡಿಯಲು ವಿಮಾನವನ್ನು ನಾನೇ ಛೂ ಬಿಟ್ಟ ಹಾಗಾಗಿತ್ತು. ವೇಗ ತಗ್ಗಿಸಬೇಕೆಂಬುದು ತಲೆಗೆ ಬರಲಿಲ್ಲ. ಪಂಚೆ ಕಾಲಿಗೆ ತೊಡರಿತು, ಚಪ್ಪಲಿ ಒಂದು ಕಡೆ, ನಾನೊಂದು ಕಡೆ. ರಾಗಿಯ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಆಗ ನನ್ನ ಗಂಟಲಿನಿಂದ ಒಂದು ಶಬ್ದ ಹೊರಟಿತು. "ಗಿರಿಜಾಽಽಽ!" ಎಂದೇ ನಾನು ಹೇಳಿದ್ದು. ಆದರೆ ಹಂದಿ ಹಿಡಿಯುವಾಗಲೂ ಅಂಥ ಶಬ್ದ ಕೇಳಿಲ್ಲ ಎಂದು ಕೆಂಪಣ್ಣ ಆಮೇಲೆ ಆಣೆ ಮಾಡಿ ಹೇಳಿದ.

ನಾನು ಮುಗ್ಗರಿಸಿ ಬಿದ್ದೆ. ವಿಮಾನ ನನ್ನ ತಲೆಗೂದಲು ಸವರಿಕೊಂಡು ಹೋಗಿ ಹುಲ್ಲಿನ ಬಣವೆಗೆ ನಾಟಿಕೊಂಡಿತು. ಎದ್ದು ನೋಡಿದರೆ ತೋಟದಲ್ಲಿ ಒಂದೂ ಕೋತಿ ಇಲ್ಲ!

"ನೋಡಿದೆಯಾ? ವಿಮಾನ ನೋಡಿ ಓಡಿದವು!" ಎಂದೆ ಮೈ ಕೊಡವಿಕೊಳ್ಳುತ್ತ.

ಗಿರಿಜ ನನ್ನ ಚಪ್ಪಲಿ ಹುಡುಕಿ ತಂದು ಮುಂದಿಟ್ಟಳು. ಸಂಜೆ ಹಿಂಡು ಮತ್ತೆ ಬಂತು. ನಾನು ಹೆಮ್ಮೆಯಿಂದ ವಿಮಾನವನ್ನು ಜಗುಲಿ ಮೇಲಿಟ್ಟು ಫ್ಯಾನು ತಿರುಗಿಸಿದೆ. ಕೋತಿಗಳು ಓಡುವುದಿರಲಿ, ಸಾಲಾಗಿ ಹತ್ತಿರ ಬಂದು ಕೂತವು. ಗಡವ ಕೈ ಚಾಚಿ ಮೂತಿಯ ಮುಚ್ಚಳ ತೆಗೆದು ಒಳಗೆ ಇಣುಕಿತು. ಇನ್ನೂ ಕೊಬ್ಬರಿ ಇದೆಯೇ ಎಂದು! ಏನೂ ಸಿಗದೆ ನನ್ನ ಕಡೆ ತಿರುಗಿ ಹಲ್ಲು ಕಿಸಿಯಿತು. ನಾನು ಬೆಚ್ಚಿ ಮತ್ತೊಮ್ಮೆ ಕಿರುಚಿದೆ. ಕ್ಷಣದಲ್ಲಿ ಜಗುಲಿ ಖಾಲಿ.

ಗಿರಿಜ ಮತ್ತು ತಮಾಷೆ ನೋಡಲು ಬಂದಿದ್ದ ಕೆಂಪಣ್ಣ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸೋಮವಾರ ಸುಲಿಯುವವರು ಬಂದರು. ಅಂಗಳದ ತುಂಬ ಗಿಟುಕು. ಗಿರಿಜ ನಡುವೆ ಒಂದು ಕುರ್ಚಿ ಹಾಕಿ, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟು, "ಕೂತ್ಕೊಳ್ಳಿ" ಎಂದಳು. ಇಷ್ಟು ಮರ್ಯಾದೆ ನನಗೆ ಮದುವೆಯ ದಿನ ಸಿಕ್ಕಿದ್ದು ಬಿಟ್ಟರೆ ಇದೇ ಮೊದಲು. ಹತ್ತು ನಿಮಿಷಕ್ಕೆ ಹೆಂಚಿನ ಮೇಲೆ ಹಿಂಡು ಕಾಣಿಸಿತು.

"ರೀ, ಬಂದ್ವು. ಒಂದ್ಸಲ ಕಿರುಚಿ!"

ಸುಲಿಯುವವರು ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಸ್ಥಾನಮಾನಕ್ಕೆ ತಕ್ಕಂತೆ "ಹೋಯ್" ಎಂದೆ. ಒಂದು ಕೋತಿಯೂ ಅಲುಗಲಿಲ್ಲ.

"ಹಂಗಲ್ಲ ಕಣ್ರೀ! ನಿನ್ನೆ ಕಿರುಚಿದ್ರಲ್ಲ, ಹಂಗೆ. ಹೆದರ್ಕೊಂಡು!"

ಕಣ್ಣು ಮುಚ್ಚಿಕೊಂಡೆ. ವಿಮಾನ ತೂರಾಡುತ್ತ ನನ್ನ ಮೇಲೇ ಬರುವುದನ್ನು ನೆನೆದೆ. ಕಿರುಚಿದೆ. ಹೆಂಚಿನ ಮೇಲೆ ದಡದಡ ಸದ್ದಾಯಿತು, ಆಮೇಲೆ ನಿಶ್ಶಬ್ದ. ಕಚೇರಿಯಲ್ಲಿ ನನ್ನ ದನಿಗೆ ಒಂದು ದಿನವೂ ಜವಾನ ಎದ್ದು ಬಂದವನಲ್ಲ. ಅಂಥ ದನಿಗೆ ಇಡೀ ಹಿಂಡು ಗುಡ್ಡ ಸೇರಿತು! ಸಂಜೆವರೆಗೆ ಒಂಬತ್ತು ಸಲ ಕಿರುಚಿದೆ. ಒಂದೇ ಒಂದು ಗಿಟುಕು ಹೋಗಲಿಲ್ಲ. ಗಿರಿಜ ನಕ್ಕು ನಕ್ಕು ಸುಸ್ತಾಗಿ, ಕಣ್ಣೊರೆಸಿಕೊಳ್ಳುತ್ತ ನನಗೆ ಕಾಫಿ ತಂದುಕೊಟ್ಟಳು. ನನಗೂ ನಗು ತಡೆಯಲಾಗಲಿಲ್ಲ.

ಕತ್ತಲಾಗುವ ಮುಂಚೆ ಕೆಂಪಣ್ಣ ಬಾಗಿಲಿಗೆ ಬಂದು, ನನ್ನನ್ನು ದಾಟಿಕೊಂಡು ಗಿರಿಜಳ ಹತ್ತಿರ ಹೋದ.

"ಅಕ್ಕಾ, ಗುರುವಾರ ನಮ್ಮಲ್ಲೂ ಕಾಯಿ ಸುಲಿಸ್ತೀವಿ. ನಂಜಣ್ಣೋರ್ನ ಒಂದಿನ ಕಳಿಸ್ತೀರಾ?"

ಗಿರಿಜ ಬೆರಳು ಮಡಿಸಿ ದಿನ ಎಣಿಸಿದಳು.

"ಗುರುವಾರ ಆಗಲ್ಲ ಕಣಪ್ಪ. ಅಮ್ಮಸಂದ್ರದ ನಮ್ಮಣ್ಣನ ಮನೆಗೆ ಇವರ್ನ ಕಳಿಸ್ತೀನಂತ ಮಾತು ಕೊಟ್ಬುಟ್ಟಿದೀನಿ. ಶುಕ್ರವಾರ ಕರ್ಕೊಂಡೋಗು. ಆದ್ರೆ ಸಂಜೆಯೊಳಗೆ ವಾಪಸ್ ತಂದು ಬುಡಬೇಕು."

ನನ್ನನ್ನು ಯಾರೂ ಕೇಳಲಿಲ್ಲ. ನಾನು ಒಳಗೆ ಹೋಗಿ, ಗಂಟಲಿಗೆಂದು ಒಂದು ಲೋಟ ಉಪ್ಪುನೀರು ಕಾಯಿಸಿಕೊಂಡೆ.